ಹೇಟೆ ಯಾಕೆ ಏಳುತ್ತಿಲ್ಲ?

ನಿನ್ನೆಯವರೆಗೂ ತಿಪ್ಪೆ ಕೆದರಿಕೊಂಡು ಬೀದಿಯೆಲ್ಲ ಸುತ್ತುತ್ತಿದ್ದ ನಾಟಿ ಹೇಟೆ ಇವತ್ತು ಬುಟ್ಟಿ ಬಿಟ್ಟು ಏಳುತ್ತಲೇ ಇಲ್ಲ. ಅಂಗಳದಲ್ಲಿ ರಾಗಿ ಎರಚಿ "ಬಾ ಬಾ ಬಾ" ಎಂದು ಕರೆದರೆ ಮಿಕ್ಕವೆಲ್ಲ ಎದ್ದುಬಿದ್ದು ಓಡಿಬಂದವು, ಇದೊಂದು ಬರಲಿಲ್ಲ. ಹತ್ತಿರ ಹೋದರೆ ಮೈಯ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಕರ್ರ್ ಎನ್ನುತ್ತದೆ. ಕೈ ಚಾಚಿದರೆ ಕುಕ್ಕುತ್ತದೆ.

"ಅಜ್ಜೀ, ಕೋಳಿಗೆ ಜ್ವರ ಬಂದಿದೆ. ಹೊಟ್ಟೆ ಕೆಳಗೆ ಕೈ ಇಟ್ರೆ ಎಷ್ಟು ಬಿಸಿ ಗೊತ್ತಾ!"

"ಜ್ವರಾನೂ ಇಲ್ಲ, ಗಿರಾನೂ ಇಲ್ಲ ಕಣೋ. ಕಾವಿಗೆ ಕೂತವ್ಳೆ. ಅವಳ ತಂಟೆಗೆ ಹೋಗ್ಬೇಡ."

ಕೋಳಿ ಸಾಕಿರುವ ಮನೆಯಲ್ಲಿ ಇಂಥ ಮಾತು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಕೇಳಿಬರುತ್ತದೆ. ಅಜ್ಜಿ ಹೇಳಿದ್ದು ಸರಿ. ಮೊಮ್ಮಗ ಹೇಳಿದ ಬಿಸಿಯೂ ಸುಳ್ಳಲ್ಲ. ನಮ್ಮ ಮೈ 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೋಳಿಯ ಮೈ ಯಾವಾಗಲೂ ಸುಮಾರು 41 ಡಿಗ್ರಿ ಇರುತ್ತದೆ. ನಮಗೆ ಅಷ್ಟು ಏರಿದರೆ ಆಸ್ಪತ್ರೆಗೆ ಓಡಬೇಕು, ಕೋಳಿಗೆ ಅದೇ ಆರೋಗ್ಯ. ಕಾವಿಗೆ ಕೂತಾಗ ಇನ್ನೂ ಬಿಸಿ ಅನ್ನಿಸುವುದಕ್ಕೆ ಬೇರೆ ಕಾರಣವಿದೆ. ಆಗ ಹೊಟ್ಟೆಯ ಭಾಗದ ಪುಕ್ಕ ಉದುರಿ ಚರ್ಮ ಬರಿದಾಗುತ್ತದೆ, ಅಲ್ಲಿ ರಕ್ತದ ಓಡಾಟ ಹೆಚ್ಚುತ್ತದೆ. ಪುಕ್ಕ ಮೈಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅದಿರುವುದೇ ಆ ಕೆಲಸಕ್ಕೆ. ಬರಿ ಚರ್ಮ ಮೊಟ್ಟೆಗೆ ತಾಗಿದರೆ ತಾನೆ ಬಿಸಿ ಆ ಕಡೆ ದಾಟುವುದು?

ಹಾಗಾದರೆ ಕೂರು ಎಂದು ಹೇಟೆಗೆ ಹೇಳಿದ್ದು ಯಾರು? ಅದರ ಮೆದುಳಿನ ಬುಡದಲ್ಲಿ ಒಂದು ಪುಟ್ಟ ಗ್ರಂಥಿಯಿದೆ. ಅದು ಪ್ರೊಲ್ಯಾಕ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಹಸು ಕರು ಹಾಕಿದಾಗ ಕೆಚ್ಚಲಿನಲ್ಲಿ ಹಾಲು ಕೂಡುವುದಕ್ಕೂ, ಬಾಣಂತಿ ತಾಯಿಗೆ ಎದೆಹಾಲು ಬರುವುದಕ್ಕೂ ಬೇಕಾದದ್ದು ಇದೇ ರಸ. ಹೇಟೆಗೆ ಹಾಲಿನ ಕೆಲಸವಿಲ್ಲ. ಅದರಲ್ಲಿ ಪ್ರೊಲ್ಯಾಕ್ಟಿನ್ ಏರಿದರೆ ಮೊಟ್ಟೆ ಇಡುವುದು ನಿಲ್ಲುತ್ತದೆ, ಕೂರುವ ಹಟ ಶುರುವಾಗುತ್ತದೆ. ಹೊಟ್ಟೆಗೆ ಮೊಟ್ಟೆ ತಾಗುತ್ತಿದ್ದಷ್ಟು ಹೊತ್ತು ರಸವೂ ಇಳಿಯುವುದಿಲ್ಲ. ಮೊಟ್ಟೆ, ಬುಟ್ಟಿ ಎರಡನ್ನೂ ತೆಗೆದುಬಿಟ್ಟರೆ ಕೆಲವೇ ದಿನದಲ್ಲಿ ಇಳಿದುಹೋಗುತ್ತದೆ. ಕಾವು ಬಿಡಿಸಬೇಕೆಂದು ಕೆಲವರು ಕೋಳಿಯನ್ನು ತಣ್ಣೀರಿನಲ್ಲಿ ಅದ್ದುತ್ತಾರೆ. ನನಗದು ಸೇರುವುದಿಲ್ಲ. ಅದರ ಬದಲು ತಳದಲ್ಲಿ ಗಾಳಿಯಾಡುವ ಪಂಜರದಲ್ಲಿ, ಹುಲ್ಲು ಹಾಸದೆ, ನೀರು ಮೇವು ಕೊಟ್ಟು ನಾಲ್ಕು ದಿನ ಇಟ್ಟರೂ ಕೆಲಸ ಆಗುತ್ತದೆ.

ಆದರೆ ನಮ್ಮ ಹೇಟೆಯ ಕಾವನ್ನು ಬಿಡಿಸುವುದು ಬೇಡ. ಮರಿ ಮಾಡಿಸೋಣ.

ಈಗೊಂದು ಒಗಟು. ಕೋಳಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇಡಲಾರದು. ಒಂದು ಮೊಟ್ಟೆ ಒಳಗೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಬಹುಪಾಲು ಹೊತ್ತು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಅಂದಮೇಲೆ ಹನ್ನೆರಡು ಮೊಟ್ಟೆ ಕೂಡಿಬರಲು ಎರಡು ವಾರವಾದರೂ ಬೇಕು. ಮೊದಲ ಮೊಟ್ಟೆಗೂ ಕೊನೆಯ ಮೊಟ್ಟೆಗೂ ಎರಡು ವಾರದ ಅಂತರ. ಮರಿಗಳು ಮಾತ್ರ ಒಂದೇ ದಿನ, ಹೆಚ್ಚೆಂದರೆ ಮಾರನೆಯ ದಿನದೊಳಗೆ ಹೊರಗೆ ಬರುತ್ತವೆ. ಹೇಗೆ?

ಮೊಟ್ಟೆ ಹೊರಗೆ ಬೀಳುವಷ್ಟರಲ್ಲೇ ಅದರೊಳಗಿನ ಜೀವ ಬೆಳೆಯತೊಡಗಿರುತ್ತದೆ. ಹಳದಿಯ ಮೇಲೆ ಬಿಳಿಯ ಒಂದು ಚುಕ್ಕೆ ಕಾಣುತ್ತದಲ್ಲ, ಅಲ್ಲಿ ಆಗಲೇ ಸಾವಿರಾರು ಜೀವಕೋಶಗಳಿರುತ್ತವೆ. ಹೊರಗೆ ಬಂದು ಮೊಟ್ಟೆ ತಣ್ಣಗಾದೊಡನೆ ಬೆಳವಣಿಗೆ ನಿಂತುಬಿಡುತ್ತದೆ. ಸಾಯುವುದಿಲ್ಲ, ನಿಲ್ಲುತ್ತದೆ ಅಷ್ಟೆ. ಹೇಟೆ ಮೊಟ್ಟೆ ಇಟ್ಟು ಎದ್ದುಹೋಗುತ್ತದೆ, ಮಾರನೆಯ ದಿನ ಬಂದು ಇನ್ನೊಂದು ಇಡುತ್ತದೆ. ತನ್ನ ಲೆಕ್ಕದಷ್ಟು ಕೂಡಿದ ಮೇಲೆ ಒಮ್ಮೆಲೇ ಕೂರುತ್ತದೆ. ಎಲ್ಲ ಮೊಟ್ಟೆಗೂ ಕಾವು ತಗಲುವುದು ಅಂದೇ, ಹಾಗಾಗಿ ಎಲ್ಲದರ ಗಡುವೂ ಒಂದೇ: 21 ದಿನ. ಈ ನಿದ್ದೆಗೂ ಒಂದು ಮಿತಿಯಿದೆ. ವಾರ ಹತ್ತು ದಿನ ದಾಟಿದ ಮೊಟ್ಟೆಯಲ್ಲಿ ಮರಿಯಾಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ಹೆಂಗಸರು ಮೊಟ್ಟೆಯನ್ನು ತಂಪಾದ ಮೂಲೆಯಲ್ಲಿ ಇಟ್ಟು, ಹಳೆಯವನ್ನು ಅಡುಗೆಗೆ ಬಳಸಿ, ಹೊಸವನ್ನೇ ಕಾವಿಗೆ ಇಡುತ್ತಾರೆ. ಅಂಗಡಿಯಲ್ಲಿ ತಂದ ಮೊಟ್ಟೆಯನ್ನು ಇಟ್ಟರೆ ಮರಿಯಾಗದು. ಮೊಟ್ಟೆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ.

ಬುಟ್ಟಿಗೆ ಬೂದಿಯನ್ನೋ ಮರಳನ್ನೋ ಹರವಿ, ಮೇಲೆ ಒಣಹುಲ್ಲು ಹಾಸಿ, ಹೇಟೆಯ ಮೈಯಡಿ ಹಿಡಿಸುವಷ್ಟು, ಅಂದರೆ ಹತ್ತು ಹನ್ನೆರಡು ಮೊಟ್ಟೆ ಇಡುವುದು ರೂಢಿ. ಕೆಲವು ಮನೆಗಳಲ್ಲಿ ಗುಡುಗು ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು ಇದ್ದಿಲೋ ಕಬ್ಬಿಣದ ಚೂರೋ ಜೊತೆಗಿಡುತ್ತಾರೆ. ಸಿಡಿಲಿಗೂ ಇದ್ದಿಲಿಗೂ ನಂಟು ನನಗೇನೂ ಕಾಣದು. ಬೂದಿಯ ಮಾತು ಬೇರೆ. ಮೂರು ವಾರ ಒಂದೇ ಕಡೆ ಕೂತ ಕೋಳಿಗೆ ಹೇನು ಹತ್ತುತ್ತದೆ, ಬೂದಿ ಅದನ್ನು ತಡೆಯುತ್ತದೆ.

ಕೂತ ಹೇಟೆಯನ್ನು ದೂರದಲ್ಲಿ ನಿಂತು ನೋಡಿ. ಸುಮ್ಮನೆ ಕೂತಿದೆ ಅನ್ನಿಸಿದರೂ ಅದಕ್ಕೆ ಪುರುಸೊತ್ತಿಲ್ಲ. ಆಗಾಗ ಕೊಕ್ಕನ್ನು ಕೆಳಗೆ ತೂರಿಸಿ ಮೊಟ್ಟೆಯನ್ನು ಹೊರಳಿಸುತ್ತದೆ. ಅಂಚಿನದ್ದನ್ನು ನಡುವಿಗೆ ಎಳೆದುಕೊಳ್ಳುತ್ತದೆ, ನಡುವಿನದ್ದು ತಾನಾಗಿ ಅಂಚಿಗೆ ಸರಿಯುತ್ತದೆ. ಹೀಗೆ ಎಲ್ಲಕ್ಕೂ ಸಮನಾಗಿ ಬಿಸಿ ಸಿಗುತ್ತದೆ. ಹೊರಳಿಸದೆ ಬಿಟ್ಟರೆ ಬೆಳೆಯುವ ಮರಿ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುವ ಅಪಾಯವಿದೆ. ದಿನಕ್ಕೊಮ್ಮೆ ಎದ್ದು, ಗಬಗಬನೆ ತಿಂದು, ನೀರು ಕುಡಿದು, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ವಾಪಸು. ಆಗ ಹಾಕುವ ಹಿಕ್ಕೆ ಇಷ್ಟು ದೊಡ್ಡದು, ನಾತವೋ ಮೂಗು ಮುಚ್ಚಿಕೊಳ್ಳಬೇಕು! ಇಡೀ ದಿನದ್ದನ್ನು ತಡೆದಿಟ್ಟುಕೊಂಡಿರುತ್ತದೆ, ಗೂಡು ಹೊಲಸಾಗಬಾರದಲ್ಲ.

ಏಳನೆಯ ದಿನ ರಾತ್ರಿ ದೊಡ್ಡವರ ಜೊತೆ ಒಂದು ಕೆಲಸ ಮಾಡಬಹುದು. ಹೇಟೆಯಡಿಯಿಂದ ಒಂದು ಮೊಟ್ಟೆಯನ್ನು ಮೆಲ್ಲನೆ ತೆಗೆದು, ದಪ್ಪ ತುದಿಗೆ ಟಾರ್ಚ್ ಆನಿಸಿ ಹಿಡಿಯಿರಿ. ಕೋಣೆ ಕತ್ತಲಾಗಿರಲಿ. ಮರಿ ಬೆಳೆಯುತ್ತಿದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಕೆಂಪು ಎಳೆಗಳು. ಕಾಲು ಚಾಚಿ ಕೂತ ಜೇಡದ ಹಾಗೇ ಕಾಣುತ್ತದೆ. ಆ ಎಳೆಗಳು ರಕ್ತನಾಳಗಳು. ಏನೂ ಕಾಣದೆ ಬರೀ ಹಳದಿ ಬೆಳಕಿದ್ದರೆ ಅದು ಗೊಡ್ಡು ಮೊಟ್ಟೆ. ಹೃದಯ ಬಡಿಯಲು ಶುರುವಾಗಿ ಆಗಲೇ ನಾಲ್ಕೈದು ದಿನ ಆಗಿರುತ್ತದೆ. ಸುಮಾರು 2,300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಮೊಟ್ಟೆಯೊಳಗೆ ದಿನದಿಂದ ದಿನಕ್ಕೆ ಏನಾಗುತ್ತದೆಂದು ಬರೆದಿಟ್ಟಿದ್ದಾನೆ. ಮೂರು ದಿನ ಕಳೆದ ಮೊಟ್ಟೆಯಲ್ಲಿ ರಕ್ತದ ಚುಕ್ಕೆಯೊಂದು ಮಿಡಿಯುತ್ತಿರುತ್ತದೆ, ಅದೇ ಹೃದಯ ಎಂದು ಅವನು ಗುರುತಿಸಿದ್ದ. ಟಾರ್ಚ್ ಇರಲಿ, ಭೂತಗನ್ನಡಿಯೂ ಇಲ್ಲದ ಕಾಲ ಅದು.

ಮೊಟ್ಟೆಯ ಚಿಪ್ಪು ಗಟ್ಟಿ ಗೋಡೆಯೇನಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಅವುಗಳ ಮೂಲಕ ಗಾಳಿ ಒಳಗೆ ಬರುತ್ತದೆ, ನೀರಿನಂಶ ಆವಿಯಾಗಿ ಹೊರಗೆ ಹೋಗುತ್ತದೆ. ನೀರು ಹೋದಷ್ಟೂ ದಪ್ಪ ತುದಿಯಲ್ಲಿ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಹಳೆಯ ಮೊಟ್ಟೆ ನೀರಿನಲ್ಲಿ ತೇಲುವುದಕ್ಕೂ ಇದೇ ಕಾರಣ. ಕೊನೆಯ ದಿನಗಳಲ್ಲಿ ಮರಿಗೆ ಮೊದಲ ಉಸಿರು ಸಿಗುವುದು ಈ ಕೋಣೆಯಿಂದಲೇ. ಹತ್ತೊಂಬತ್ತು ಇಪ್ಪತ್ತನೆಯ ದಿನ ಮರಿ ಒಳಪೊರೆಯನ್ನು ಚುಚ್ಚಿ ಕೊಕ್ಕನ್ನು ಅಲ್ಲಿಗೆ ಚಾಚುತ್ತದೆ. ಆಮೇಲೆ ಕಿವಿ ಇಟ್ಟು ಕೇಳಿ, ಚಿಪ್ಪಿನೊಳಗಿಂದಲೇ ಚಿಂವ್ ಚಿಂವ್. ಹೇಟೆ ಅದಕ್ಕೆ ಲೊಚ್ ಲೊಚ್ ಎಂದು ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತದೆ. ತಾಯಿ ಮಕ್ಕಳ ಮಾತುಕತೆ ಮುಖ ನೋಡುವುದಕ್ಕೆ ಮುಂಚೆಯೇ ಶುರು.

ಇದಕ್ಕಿಂತ ದೊಡ್ಡ ಅಚ್ಚರಿ ಕಣ್ಣಿನದು. ಹೊರಬರುವ ಮೊದಲ ಕೆಲವು ದಿನ ಮರಿ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಮಡಿಸಿಕೊಂಡಿರುತ್ತದೆ. ಎಡಗಣ್ಣು ಅದರ ಮೈಗೆ ಒತ್ತಿಕೊಂಡು ಮುಚ್ಚಿಹೋಗಿರುತ್ತದೆ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಹೇಟೆ ಮೇವಿಗೆ ಎದ್ದಾಗ, ಮೊಟ್ಟೆ ಹೊರಳಿಸುವಾಗ, ಸರಿದು ಕೂತಾಗ ಚೂರು ಬೆಳಕು ಚಿಪ್ಪನ್ನು ದಾಟಿ ಆ ಬಲಗಣ್ಣಿಗೆ ತಾಗುತ್ತದೆ. ಒಟ್ಟು ಎರಡು ಮೂರು ಗಂಟೆಯ ಬೆಳಕಾದರೂ ಸಾಕು, ಮೆದುಳಿನ ಎರಡು ಪಾಲುಗಳು ಕೆಲಸ ಹಂಚಿಕೊಳ್ಳುತ್ತವೆ. ಬಲಗಣ್ಣಿಗೆ ಕಾಳು ಯಾವುದು, ಕಲ್ಲು ಯಾವುದು ಎಂದು ಆರಿಸುವ ಕೆಲಸ. ಎಡಗಣ್ಣಿಗೆ ಹದ್ದು ಬಂತೇ ಎಂದು ನೋಡುವ ಕೆಲಸ.

ಆಸ್ಟ್ರೇಲಿಯಾದ ಲೆಸ್ಲಿ ರಾಜರ್ಸ್ ಎಂಬ ವಿಜ್ಞಾನಿ ಇದರ ಬೆನ್ನುಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2004ರಲ್ಲಿ ಅವರೂ ಇಟಲಿಯ ಇಬ್ಬರು ವಿಜ್ಞಾನಿಗಳೂ ಸೇರಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಬೆಳಕು ಕಂಡ ಮೊಟ್ಟೆಯ ಮರಿಗಳು ಒಂದು ಕಡೆ, ಪೂರ್ತಿ ಕತ್ತಲಲ್ಲಿ ಬೆಳೆದ ಮೊಟ್ಟೆಯ ಮರಿಗಳು ಇನ್ನೊಂದು ಕಡೆ. ನೆಲದಲ್ಲಿ ಕಾಳು, ಸಣ್ಣ ಕಲ್ಲು ಬೆರೆಸಿ ಹರಡಿ, ತಲೆಯ ಮೇಲೆ ಹದ್ದಿನ ಆಕಾರದ ಗೊಂಬೆಯನ್ನು ಓಡಿಸಿದರು. ಬೆಳಕು ಕಂಡವು ಮೇಲೆ ಒಂದು ಕಣ್ಣಿಟ್ಟೇ ಕೆಳಗೆ ಕಾಳು ಆರಿಸಿದವು. ಕತ್ತಲಲ್ಲಿ ಬೆಳೆದವು ಎರಡನ್ನೂ ಒಟ್ಟಿಗೆ ಮಾಡಲಾಗದೆ ಗೊಂದಲಕ್ಕೆ ಬಿದ್ದವು. ಮೊಟ್ಟೆ ಮರಿ ಮಾಡಿಸುವ ದೊಡ್ಡ ಯಂತ್ರಗಳ ಒಳಗೆ ಸಾಮಾನ್ಯವಾಗಿ ಕತ್ತಲು. ಬುಟ್ಟಿಯಲ್ಲಿ ಕೂತ ಹೇಟೆ ದಿನಕ್ಕೊಮ್ಮೆ ಎದ್ದುಹೋಗುವುದು ಹೊಟ್ಟೆಪಾಡಿಗೆ. ಮರಿಯ ಕಣ್ಣಿಗೆ ಅದರಿಂದ ಆಗುವ ಉಪಕಾರ ಅದಕ್ಕೇನು ಗೊತ್ತು!

ಇಪ್ಪತ್ತೊಂದನೆಯ ದಿನ ಮರಿ ಚಿಪ್ಪನ್ನು ಒಡೆಯುತ್ತದೆ. ಮೇಲಿನ ಕೊಕ್ಕಿನ ತುದಿಯಲ್ಲಿ ಬಿಳಿಯ ಗಟ್ಟಿ ಮೊನೆಯೊಂದಿರುತ್ತದೆ. ಅದೇ ಅದರ ಆಯುಧ, ಕೆಲವು ದಿನಕ್ಕೆ ಉದುರಿಹೋಗುತ್ತದೆ. ಮೊದಲ ಬಿರುಕು ಕಂಡ ಮೇಲೂ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಪಾಪ ಎಂದುಕೊಂಡು ಚಿಪ್ಪನ್ನು ಸುಲಿದು ಸಹಾಯ ಮಾಡಲು ಹೋಗಬೇಡಿ. ಒಳಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಇರುತ್ತದೆ, ಕಿತ್ತರೆ ಮರಿ ರಕ್ತ ಸೋರಿ ಸಾಯಬಹುದು. ಉಳಿದ ಹಳದಿ ಭಾಗವನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುವುದೂ ಈ ಹೊತ್ತಿನಲ್ಲೇ. ಹೊರಬಂದ ಮೇಲೆ ಎರಡು ಮೂರು ದಿನಕ್ಕೆ ಅದೇ ಬುತ್ತಿ. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿ ಕಾದು ಕೂತರೂ ಮೊದಲು ಬಂದ ಮರಿಗಳು ಹಸಿವಿನಿಂದ ಸಾಯುವುದಿಲ್ಲ. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಊರಿಂದೂರಿಗೆ ಸಾಗಿಸುವುದೂ ಈ ಬುತ್ತಿಯ ಧೈರ್ಯದಿಂದಲೇ.

ಇಷ್ಟೆಲ್ಲ ಬಲ್ಲ ಹೇಟೆ ವರ್ಷಕ್ಕೆ ಇಡುವುದು ಅರವತ್ತರಿಂದ ಎಂಬತ್ತು ಮೊಟ್ಟೆ. ಫಾರಂನ ಬಿಳಿ ಲೆಗಾರ್ನ್ ಕೋಳಿ ಸುಮಾರು ಮುನ್ನೂರು ಇಡುತ್ತದೆ. ಅದು ಹೇಗೆ ಸಾಧ್ಯವಾಯಿತು? ಮೇವು ಮತ್ತು ಆರೈಕೆಯ ಜೊತೆಗೆ ಇನ್ನೊಂದು ಕಾರಣವಿದೆ. ಲೆಗಾರ್ನ್ ಕಾವಿಗೆ ಕೂರುವುದೇ ಇಲ್ಲ ಎನ್ನಬಹುದು. ಮೂರು ವಾರ ಕಾವು, ಆಮೇಲೆ ಒಂದೂವರೆ ಎರಡು ತಿಂಗಳು ಮರಿಗಳ ಹಿಂದೆ ಓಡಾಟ, ಅಷ್ಟು ದಿನವೂ ನಾಟಿ ಹೇಟೆಯ ಮೊಟ್ಟೆ ಬಂದ್. ಸಾಕಣೆಗಾರರು ತಲೆಮಾರುಗಳ ಕಾಲ ಕಾವಿಗೆ ಕೂತ ಕೋಳಿಯನ್ನು ಬಿಟ್ಟು, ಕೂರದೆ ಇಡುತ್ತಲೇ ಹೋದ ಕೋಳಿಯ ಮರಿಗಳನ್ನೇ ಆರಿಸುತ್ತಾ ಬಂದರು. ಯಂತ್ರ ಕಾವು ಕೊಡುವಾಗ ತಾಯಿ ಯಾಕೆ? ಲೆಗಾರ್ನ್ ಮೊಟ್ಟೆಯನ್ನು ನಾನೂ ತಿನ್ನುತ್ತೇನೆ, ಅದರ ಮೇಲೆ ಸಿಟ್ಟೇನಿಲ್ಲ. ಆದರೆ ಕರೆಂಟು ಹೋದ ಊರಿನಲ್ಲಿ ಆ ಕೋಳಿ ತನ್ನ ವಂಶವನ್ನು ಮುಂದುವರಿಸಲಾರದು. ನಾಟಿಯದು ಹಾಗಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಗೆ ಬೆಳೆಸಿದ ಗಿರಿರಾಜ ಕೋಳಿ ಬೇಗ ತೂಕ ಬರುತ್ತದೆ, ನಾಟಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಹಳ್ಳಿಗಳಲ್ಲಿ ಅದರ ಮೊಟ್ಟೆಗೆ ಕಾವು ಕೊಡಿಸಬೇಕಾದರೆ ನಾಟಿ ಹೇಟೆಯನ್ನೇ ಹುಡುಕುತ್ತಾರೆ. ಬಾತುಕೋಳಿ ಮೊಟ್ಟೆಗೆ 28 ದಿನ ಬೇಕು, ಅದಕ್ಕೂ ನಾಟಿ ಹೇಟೆ ಒಂದು ವಾರ ಹೆಚ್ಚಿಗೆ ಕೂತುಕೊಡುತ್ತದೆ.

ಈಗ ಕಾಲು ನೋಡೋಣ. ನಿಮ್ಮ ಮನೆಯ ಕೋಳಿಯ ಕಾಲು ಯಾವ ಬಣ್ಣ? ಹಳದಿಯಿದ್ದರೆ ಅದರ ಹಿಂದೆ ನಮ್ಮ ಪಶ್ಚಿಮ ಘಟ್ಟದ ಬಳಗದ ಕಥೆಯಿದೆ. ಲೋಕದ ಸಾಕು ಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತತಿ ಎಂದು ಚಾರ್ಲ್ಸ್ ಡಾರ್ವಿನ್ ಬರೆದಿದ್ದ. ಅದು ಹೆಚ್ಚೂಕಡಿಮೆ ಸರಿಯೇ. ಆದರೆ ಕೆಂಪು ಕಾಡುಕೋಳಿಯ ಚರ್ಮ ಹಳದಿಯಲ್ಲ. ಹಾಗಾದರೆ ಹಳದಿ ಕಾಲು ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ವಂಶವಾಹಿಗಳನ್ನು ಹೋಲಿಸಿ ನೋಡಿತು. ಹಳದಿ ಚರ್ಮದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು ಗೊತ್ತಾಯಿತು. ಬಂಡೀಪುರ, ನಾಗರಹೊಳೆಯ ದಾರಿಯಂಚಿನಲ್ಲಿ ಮುಂಜಾನೆ ಕೆದರುತ್ತಾ ನಿಂತಿರುತ್ತದಲ್ಲ, ಕುತ್ತಿಗೆಯ ಗರಿಗಳಲ್ಲೆಲ್ಲ ಚುಕ್ಕೆ ಹೊಳೆಯುವ ಹುಂಜ, ಅದೇ ಜಾತಿ. ಅದು ಭಾರತ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಎಂದೋ ಒಂದು ಕಾಲದಲ್ಲಿ ಊರ ಕೋಳಿಗೂ ಅದಕ್ಕೂ ಬೆರಕೆಯಾಗಿ, ಆ ಹಳದಿ ಈಗ ದೇಶದೇಶಗಳ ಕೋಳಿಗಳ ಕಾಲಿನಲ್ಲಿದೆ.

ಹಳದಿ ಬಣ್ಣವನ್ನು ಕೋಳಿ ತಾನೇ ತಯಾರಿಸುವುದಿಲ್ಲ. ಸೊಪ್ಪು, ಹುಲ್ಲು, ಮುಸುಕಿನ ಜೋಳದಲ್ಲಿ ಅದು ಸಿಗುತ್ತದೆ. ಹಳದಿ ಕಾಲಿನ ಹೇಟೆ ಬಿಡದೆ ಮೊಟ್ಟೆ ಇಡುವಾಗ ಬಣ್ಣವೆಲ್ಲ ಮೊಟ್ಟೆಯ ಹಳದಿಗೆ ಹೋಗಿ, ಕೊಕ್ಕು ಕಾಲು ಬೆಳ್ಳಗಾಗುತ್ತವೆ. ಕಾವಿಗೆ ಕೂತು ಮೊಟ್ಟೆ ನಿಂತಾಗ ಬಣ್ಣ ಮತ್ತೆ ಕಾಲಿಗೆ ಇಳಿಯುತ್ತದೆ. ಹಾಗಾಗಿ ಕೊಳ್ಳುವವರು ಕಾಲು ನೋಡಿಯೇ ಈ ಕೋಳಿ ಮೊಟ್ಟೆ ಇಡುತ್ತಿದೆಯೋ ಇಲ್ಲವೋ ಎಂದು ಅಂದಾಜು ಮಾಡಬಹುದು. ಕಾಲು ಮೊದಲಿನಿಂದಲೇ ಬಿಳಿಯೋ ಕಪ್ಪೋ ಆಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದನ್ನು ಮರೆಯಬಾರದು.

ನಾಟಿ ಎಂದರೆ ಒಂದೇ ಬಗೆಯಲ್ಲ. ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲದ ಕೋಳಿಯನ್ನು ನೋಡಿ ರೋಗ ಎಂದು ನಗುವವರಿದ್ದಾರೆ. ಬರಿ ಕುತ್ತಿಗೆಯಿಂದ ಮೈಬಿಸಿ ಬೇಗ ಹೊರಗೆ ಹೋಗುತ್ತದೆ, ಬೇಸಗೆಯಲ್ಲಿ ಅದೇ ಲಾಭ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಕೋಳಿಗೆ ಚರ್ಮ, ಮಾಂಸ, ಮೂಳೆಯ ಪೊರೆ ಸಹ ಕಪ್ಪು. ಘಾಗಸ್ ಎಂಬುದು ಆಂಧ್ರಪ್ರದೇಶ ಮತ್ತು ಕರ್ನಾಟಕದ ತಳಿ. ಹರಿಯಾಣದ ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಇಂಥ ದೇಸಿ ತಳಿಗಳ ಪಟ್ಟಿ ಮಾಡಿ ಇಟ್ಟಿದೆ.

ಪಟ್ಟಿಯಲ್ಲಿದ್ದರೆ ಸಾಲದು, ತಳಿ ಉಳಿಯಬೇಕಾದದ್ದು ಹಿತ್ತಲಿನಲ್ಲಿ. ಅಲ್ಲಿ ಮಾಡಬೇಕಾದ ಕೆಲಸ ಬಹಳವೇನಿಲ್ಲ. ಚೆನ್ನಾಗಿ ಕಾವು ಕೂತು, ಹದ್ದಿಗೆ ಹೆದರದೆ ಮರಿ ಕಾಯ್ದ ಹೇಟೆಯ ಮೊಟ್ಟೆಯನ್ನೇ ಮುಂದಿನ ಸಲ ಮರಿಗೆ ಇಡುವುದು. ಮರಿಗಳನ್ನು ಮೊದಲ ವಾರಗಳಲ್ಲಿ ತಾಯಿಯ ಜೊತೆ ಮಂಕರಿಯಡಿ ಕವುಚಿಡುವುದು, ಕಾಗೆ ಮುಂಗುಸಿಗೆ ಸಿಗದ ಹಾಗೆ. ವಾರದ ಮರಿಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸುವುದು. ಕೇಳಿದರೆ ಪಶು ಆಸ್ಪತ್ರೆಯವರು ಹೇಳಿಕೊಡುತ್ತಾರೆ. ಆ ರೋಗ ಬಂದರೆ ಕೇರಿಯ ಕೋಳಿಗಳೆಲ್ಲ ಒಂದೇ ವಾರದಲ್ಲಿ ಖಾಲಿ.

ಹುಂಜವನ್ನು ಬದಲಿಸುವುದು ಇನ್ನೊಂದು ಕೆಲಸ, ಹೆಚ್ಚಿನವರು ಮರೆಯುವುದು ಇದನ್ನೇ. ವರ್ಷಾನುವರ್ಷ ಒಂದೇ ಹುಂಜ ಇದ್ದರೆ ಅದರ ಮಕ್ಕಳು ಮೊಮ್ಮಕ್ಕಳೊಂದಿಗೇ ಜೋಡಿಯಾಗುತ್ತದೆ. ಮೈಯಲ್ಲಿ ಅಡಗಿದ್ದ ದೋಷಗಳು ತಂದೆ ತಾಯಿ ಎರಡೂ ಕಡೆಯಿಂದ ಬಂದು ಒಟ್ಟುಗೂಡುತ್ತವೆ, ಮೊಟ್ಟೆ ಗೊಡ್ಡಾಗುವುದು, ಮರಿ ಸೊರಗುವುದು ಹೆಚ್ಚುತ್ತದೆ. ಪಕ್ಕದ ಊರಿನ ನೆಂಟರ ಮನೆಗೆ ನಮ್ಮ ಹುಂಜ ಕೊಟ್ಟು ಅವರ ಹುಂಜ ತಂದರೆ ಇಬ್ಬರಿಗೂ ಒಳ್ಳೆಯದು. ತಂದದ್ದನ್ನು ಎರಡು ಮೂರು ವಾರ ಬೇರೆ ಕಟ್ಟಿಹಾಕಿ, ರೋಗವಿಲ್ಲವೆಂದು ನೋಡಿಕೊಂಡು ಬಿಡಬೇಕು.

ಬಿಟ್ಟ ದಿನ ಒಂದು ನೋಟ್‌ಬುಕ್ ಹಿಡಿದು ಅಂಗಳದಲ್ಲಿ ಕೂರಿ. ಯಾರು ಯಾರನ್ನು ಕುಕ್ಕಿದರು, ಯಾರು ಹೆದರಿ ಸರಿದರು ಎಂದು ಬರೆಯಿರಿ. ನಾರ್ವೆ ದೇಶದಲ್ಲಿ ಥೋರ್ಲೈಫ್ ಶೆಲ್ಡೆರುಪ್ ಎಬ್ಬೆ ಎಂಬ ಹುಡುಗ ನಿಮ್ಮಷ್ಟೇ ವಯಸ್ಸಿನಲ್ಲಿ ಮನೆಯ ಕೋಳಿಗಳ ಎದುರು ಕೂತು ಇದೇ ಕೆಲಸ ಮಾಡಿದ್ದ. ದೊಡ್ಡವನಾಗಿ 1920ರ ದಶಕದ ಆರಂಭದಲ್ಲಿ ಅದನ್ನೇ ಪ್ರಕಟಿಸಿದ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಸಾಲು ಇರುತ್ತದೆ ಎಂದು ವಿಜ್ಞಾನಕ್ಕೆ ಗೊತ್ತಾದದ್ದು ಹಾಗೆ. ಎಲ್ಲರನ್ನೂ ಕುಕ್ಕುವವಳು ಒಬ್ಬಳು, ಎಲ್ಲರಿಂದಲೂ ಕುಕ್ಕಿಸಿಕೊಳ್ಳುವವಳು ಒಬ್ಬಳು. ಆದರೆ ಸಾಲು ಯಾವಾಗಲೂ ನೆಟ್ಟಗಿರುವುದಿಲ್ಲ ಎಂಬುದನ್ನೂ ಅವನು ಗಮನಿಸಿದ್ದ. ಕರಿ ಹೇಟೆ ಕೆಂಪು ಹೇಟೆಯನ್ನು ಕುಕ್ಕುತ್ತದೆ, ಕೆಂಪು ಹೇಟೆ ಚುಕ್ಕೆ ಹೇಟೆಯನ್ನು ಕುಕ್ಕುತ್ತದೆ, ಚುಕ್ಕೆ ಹೇಟೆ ಬಂದು ಕರಿ ಹೇಟೆಯನ್ನೇ ಕುಕ್ಕುತ್ತದೆ! ನಿಮ್ಮ ಹಿತ್ತಲಲ್ಲಿ ಅಂಥ ಮೂವರಿದ್ದರೆ, ರಾಗಿ ಎರಚಿದಾಗ ಮೊದಲು ಕೊಕ್ಕು ಹಾಕುವವಳು ಯಾರು?